ನ್ಯೂಟ್ರಾನ್ ವಿಕಿರಣವೂ ಸ್ಟೇನ್‌ಲೆಸ್ ಸ್ಟೀಲೂ: ಉದ್ದಿಮೆದಾರರು ತಿಳಿದಿರಬೇಕಾದ ಕೆಲವು ಅಂಶಗಳು

ಸ್ಟೇನ್‌ಲೆಸ್ ಸ್ಟೀಲ್ ನಮ್ಮ ವರ್ತಕರಿಗಾಗಲಿ ಸಣ್ಣ ಉದ್ದಿಮೆದಾರರಿಗಾಗಲಿ ಹೊಸ ವಸ್ತುವೇನಲ್ಲ. ಡೇರಿಯ ಹಾಲಿನ ತೊಟ್ಟಿ, ಔಷಧ ಕಾರ್ಖಾನೆಯ ಪಾತ್ರೆ, ಹೋಟೆಲಿನ ಅಡಿಗೆಮನೆಯ ಮೇಜು, ಪಂಪು ಮತ್ತು ವಾಲ್ವುಗಳ ಬಿಡಿಭಾಗ ಇವೆಲ್ಲವೂ 304 ಅಥವಾ 316 ದರ್ಜೆಯ ಉಕ್ಕಿನಿಂದಲೇ ತಯಾರಾಗುತ್ತಿವೆ. ಇದೇ ಕುಟುಂಬದ ಉಕ್ಕು ಪರಮಾಣು ಸ್ಥಾವರಗಳ ಒಡಲಿನಲ್ಲಿಯೂ ಕೆಲಸ ಮಾಡುತ್ತದೆ. ಆದರೆ ಅಲ್ಲಿ ಅದು ಎದುರಿಸಬೇಕಾದ ಶತ್ರು ತುಕ್ಕು ಮಾತ್ರವಲ್ಲ, ಶಾಖವೂ ಮಾತ್ರವಲ್ಲ. ಹಗಲಿರುಳು ಎಡೆಬಿಡದೆ ಬಂದು ಬಡಿಯುವ ನ್ಯೂಟ್ರಾನ್ ಕಣಗಳು.

ಲೆಕ್ಕಪತ್ರದ ವೃತ್ತಿಯವರಿಗೆ ಈ ವಿಷಯದಲ್ಲಿ ಏನು ಆಸಕ್ತಿ ಎಂದು ಕೆಲವರಿಗೆ ಅನಿಸಬಹುದು. ಯಂತ್ರದ ಸವಕಳಿಯನ್ನು ವರ್ಷವರ್ಷವೂ ಲೆಕ್ಕ ಹಾಕುವ ನಮಗೆ ಆ ಸವಕಳಿ ಲೋಹದೊಳಗೆ ನಿಜವಾಗಿ ಹೇಗೆ ನಡೆಯುತ್ತದೆಂಬ ಕುತೂಹಲ ಸಹಜವಾದುದು. ಅದಕ್ಕಿಂತ ಮುಖ್ಯವಾಗಿ, ಪರಮಾಣು ಕ್ಷೇತ್ರಕ್ಕೆ ಬಿಡಿಭಾಗ ಪೂರೈಸುವ ಘಟಕಗಳು ತಮ್ಮ ಖರೀದಿ ಆದೇಶಗಳಲ್ಲಿ ಕಾಣುವ ಕಠಿಣ ಷರತ್ತುಗಳ ಹಿಂದಿನ ಕಾರಣವನ್ನು ಅರಿಯದೆ, ಅವನ್ನು ಕೇವಲ ಕಾಗದದ ಕಾಟವೆಂದು ಭಾವಿಸುವುದುಂಟು. ಆ ಷರತ್ತುಗಳ ಮೂಲವನ್ನು ಸರಳವಾಗಿ ವಿವರಿಸುವುದೇ ಈ ಲೇಖನದ ಉದ್ದೇಶ.

1. ಆಸ್ಟೆನಿಟಿಕ್ ಉಕ್ಕಿನ ವಿಶೇಷ

ಕಬ್ಬಿಣಕ್ಕೆ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಸೇರಿದಾಗ ಅದರ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ತೆಳುವಾದ ರಕ್ಷಣಾ ಪದರ ಉಂಟಾಗಿ ತುಕ್ಕನ್ನು ತಡೆಯುತ್ತದೆ. ಇದರೊಡನೆ ಸಾಕಷ್ಟು ನಿಕ್ಕಲ್ ಸೇರಿಸಿದರೆ ಉಕ್ಕಿನ ಪರಮಾಣುಗಳ ಜೋಡಣೆಯೇ ಬದಲಾಗುತ್ತದೆ. ಘನಾಕೃತಿಯ ಮೂಲೆಗಳಲ್ಲಿಯೂ ಪ್ರತಿ ಮುಖದ ಮಧ್ಯದಲ್ಲಿಯೂ ಪರಮಾಣುಗಳು ಕುಳಿತಿರುವ ಈ ಜೋಡಣೆಗೆ ಆಸ್ಟೆನೈಟ್ ಎಂದು ಹೆಸರು. 304 ದರ್ಜೆಯಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8ರಿಂದ 10ರಷ್ಟು ನಿಕ್ಕಲ್ ಇರುತ್ತದೆ. 316 ದರ್ಜೆಯಲ್ಲಿ ಇವುಗಳ ಜೊತೆಗೆ ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಇರುತ್ತದೆ. ದರ್ಜೆಯ ಮುಂದೆ ಎಲ್ ಅಕ್ಷರವಿದ್ದರೆ ಇಂಗಾಲದ ಪ್ರಮಾಣ ಶೇ. 0.03ನ್ನು ಮೀರಬಾರದೆಂದು ಅರ್ಥ.

ಪರಮಾಣು ಸ್ಥಾವರಗಳಿಗೆ ಈ ಉಕ್ಕು ಪ್ರಿಯವಾಗಲು ಒಂದು ಬಲವಾದ ಕಾರಣವಿದೆ. ಸಾಮಾನ್ಯ ಕಾರ್ಬನ್ ಸ್ಟೀಲು ಒಂದು ನಿರ್ದಿಷ್ಟ ಉಷ್ಣತೆಗಿಂತ ಕೆಳಗೆ ಗಾಜಿನಂತೆ ಒಡೆಯುವ ಸ್ವಭಾವ ತಾಳುತ್ತದೆ. ನ್ಯೂಟ್ರಾನುಗಳ ಹೊಡೆತ ಹೆಚ್ಚಿದಂತೆಲ್ಲ ಆ ಉಷ್ಣತೆಯ ಮಿತಿಯೂ ಮೇಲೇರುತ್ತದೆ. ಆಸ್ಟೆನಿಟಿಕ್ ಉಕ್ಕಿನಲ್ಲಿ ಹೀಗೆ ಥಟ್ಟನೆ ಸ್ವಭಾವ ಬದಲಾಗುವ ಮಿತಿಯೇ ಇಲ್ಲ. ನಮ್ಮ ದೇಶದಲ್ಲಿಯೇ ಇದಕ್ಕೆ ನಿದರ್ಶನವಿದೆ. 1973ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದ ರಾಜಸ್ಥಾನದ ರಾವತ್‌ಭಾಟಾದ ಮೊದಲ ಘಟಕದಲ್ಲಿ, ರಿಯಾಕ್ಟರಿನ ಎರಡೂ ತುದಿಗಳಲ್ಲಿರುವ ಎಂಡ್ ಶೀಲ್ಡ್ ಎಂಬ ಭಾಗವನ್ನು ಶೇ. 3.5 ನಿಕ್ಕಲ್ ಇರುವ ಕಾರ್ಬನ್ ಸ್ಟೀಲಿನಿಂದ ನಿರ್ಮಿಸಲಾಗಿತ್ತು. 1980ರ ದಶಕದ ಆರಂಭದಲ್ಲಿ ಅದು ಬಿರುಕು ಬಿಟ್ಟು ನೀರು ಸೋರಿತು. ಘಟಕ ದೀರ್ಘಕಾಲ ಸ್ಥಗಿತಗೊಂಡಿತು. ನರೋರಾ ಮತ್ತು ಅದರ ನಂತರದ ಸ್ಥಾವರಗಳಲ್ಲಿ ಈ ಭಾಗಕ್ಕೆ 304ಎಲ್ ದರ್ಜೆಯ ಆಸ್ಟೆನಿಟಿಕ್ ಉಕ್ಕನ್ನು ಬಳಸಲಾಯಿತು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕೈಗಾ ಸ್ಥಾವರವೂ ಈ ಸಾಲಿಗೆ ಸೇರಿದೆ.

ಹಾಗೆಂದ ಮಾತ್ರಕ್ಕೆ ಆಸ್ಟೆನಿಟಿಕ್ ಉಕ್ಕು ನ್ಯೂಟ್ರಾನುಗಳಿಗೆ ಅಜೇಯವಾದುದೆಂದು ತಿಳಿಯಬಾರದು. ಅದಕ್ಕೂ ತನ್ನದೇ ಆದ ಸವಕಳಿಗಳಿವೆ.

2. ನ್ಯೂಟ್ರಾನ್ ಮಾಡುವ ಕೆಲಸ

ಯುರೇನಿಯಂ ಪರಮಾಣು ಸೀಳಿದಾಗ ಹೊರಬರುವ ನ್ಯೂಟ್ರಾನುಗಳ ಸರಾಸರಿ ಶಕ್ತಿ ಸುಮಾರು 20 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಉಕ್ಕಿನೊಳಗೆ ಒಂದು ಕಬ್ಬಿಣದ ಪರಮಾಣುವನ್ನು ಅದರ ಸ್ಥಾನದಿಂದ ಕದಲಿಸಲು ಸುಮಾರು 40 ಎಲೆಕ್ಟ್ರಾನ್ ವೋಲ್ಟ್ ಸಾಕು. ಈ ಎರಡು ಅಂಕಿಗಳನ್ನು ಹೋಲಿಸಿದರೆ ಹೊಡೆತದ ತೀವ್ರತೆ ಅರ್ಥವಾಗುತ್ತದೆ. ನ್ಯೂಟ್ರಾನ್ ತಗುಲಿದ ಮೊದಲ ಪರಮಾಣು ಕೇರಂ ಹಲಗೆಯ ಸ್ಟ್ರೈಕರಿನಂತೆ ಹಾರಿ, ತನ್ನ ಸುತ್ತಲಿನ ನೂರಾರು ಪರಮಾಣುಗಳನ್ನು ಚದುರಿಸುತ್ತದೆ. ಕ್ಷಣಾರ್ಧಕ್ಕಿಂತಲೂ ಎಷ್ಟೋ ಕಡಿಮೆ ಅವಧಿಯಲ್ಲಿ ಇವುಗಳಲ್ಲಿ ಬಹುಪಾಲು ಮರಳಿ ಯಾವುದಾದರೊಂದು ಖಾಲಿ ಸ್ಥಾನದಲ್ಲಿ ನೆಲೆಗೊಳ್ಳುತ್ತವೆ. ಉಳಿದವು ಮಾತ್ರ ಸ್ಥಾನಭ್ರಷ್ಟವಾಗಿ, ಬೇರೆ ಪರಮಾಣುಗಳ ನಡುವೆ ತೂರಿಕೊಳ್ಳುತ್ತವೆ. ಅವು ಬಿಟ್ಟುಬಂದ ಜಾಗ ಖಾಲಿಯಾಗಿಯೇ ಉಳಿಯುತ್ತದೆ.

ಈ ಹಾನಿಯನ್ನು ಅಳೆಯುವ ಮಾನಕ್ಕೆ ಡಿಪಿಎ ಎಂದು ಹೆಸರು. ಒಂದು ಡಿಪಿಎ ಎಂದರೆ ಲೋಹದ ಪ್ರತಿಯೊಂದು ಪರಮಾಣುವೂ ಸರಾಸರಿ ಒಂದು ಬಾರಿ ತನ್ನ ಸ್ಥಾನದಿಂದ ಕದಲಿದೆ ಎಂದರ್ಥ. ವಿದ್ಯುತ್ ಸ್ಥಾವರಗಳಲ್ಲಿ ಇಂಧನಕ್ಕೆ ಅತಿ ಸಮೀಪದಲ್ಲಿರುವ ಉಕ್ಕಿನ ಭಾಗಗಳು ಕೆಲವು ದಶಕಗಳಲ್ಲಿ ಹತ್ತಾರು ಡಿಪಿಎ ಹೊಡೆತ ಉಣ್ಣುತ್ತವೆ. ಅಂದರೆ ಆ ತುಂಡಿನ ಒಂದೊಂದು ಪರಮಾಣುವೂ ಹತ್ತಾರು ಬಾರಿ ಮನೆ ಬದಲಿಸಿರುತ್ತದೆ. ಇಷ್ಟಾಗಿಯೂ ಉಕ್ಕು ಉಕ್ಕಾಗಿ ಉಳಿದಿರುವುದೇ ಆಶ್ಚರ್ಯ. ಆದರೆ ಅದು ಕಾರ್ಖಾನೆಯಿಂದ ಹೊರಟಾಗ ಇದ್ದ ಉಕ್ಕಲ್ಲ.

3. ಬಲ ಹೆಚ್ಚುತ್ತದೆ, ತಾಳಿಕೆ ಕುಗ್ಗುತ್ತದೆ

ನಮ್ಮ ಕಾರ್ಯಾಗಾರಗಳಲ್ಲಿ ತಗಡನ್ನು ತಣ್ಣಗೆ ಬಗ್ಗಿಸಿದಾಗ ಅಥವಾ ಸರಳನ್ನು ಎಳೆದಾಗ ಅದು ಗಡಸಾಗುವುದನ್ನು ಎಲ್ಲರೂ ಕಂಡಿದ್ದಾರೆ. ನ್ಯೂಟ್ರಾನುಗಳು ಆಕಾರವನ್ನು ಬದಲಿಸದೆಯೇ ಇದೇ ಪರಿಣಾಮವನ್ನು ಉಂಟುಮಾಡುತ್ತವೆ. ಸ್ಥಾನಭ್ರಷ್ಟ ಪರಮಾಣುಗಳು ಗುಂಪುಗೂಡಿ ಸೂಕ್ಷ್ಮ ಉಂಗುರಗಳಾಗಿ, ಲೋಹದ ಪದರಗಳು ಒಂದರ ಮೇಲೊಂದು ಜಾರುವುದನ್ನು ತಡೆಯುತ್ತವೆ.

ಅನೀಲ್ ಮಾಡಿದ 304 ಉಕ್ಕಿನ ಯೀಲ್ಡ್ ಬಲ ಸಾಮಾನ್ಯವಾಗಿ ಕನಿಷ್ಠ 205 ಮೆಗಾಪಾಸ್ಕಲ್, ಮುರಿಯುವ ಮುನ್ನ ಅದು ಉದ್ದವಾಗುವ ಪ್ರಮಾಣ ಕನಿಷ್ಠ ಶೇ. 40. ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಡಿಪಿಎ ಹೊಡೆತ ತಿಂದ ನಂತರ ಯೀಲ್ಡ್ ಬಲ ಮೂರು ನಾಲ್ಕು ಪಟ್ಟು ಏರುತ್ತದೆ. ಆದರೆ ಒಂದೇ ಸಮನಾಗಿ ಹಿಗ್ಗುವ ಶಕ್ತಿ ಶೇ. 1ಕ್ಕಿಂತಲೂ ಕೆಳಗಿಳಿಯಬಲ್ಲದು. ಬಿರುಕೊಂದು ಮುಂದುವರಿಯದಂತೆ ತಡೆದು ನಿಲ್ಲಿಸುವ ತಾಳಿಕೆಯೂ ಕುಸಿಯುತ್ತದೆ.

ಬಲ ಹೆಚ್ಚಾಯಿತಲ್ಲ, ಒಳ್ಳೆಯದೇ ಆಯಿತು ಎಂದು ಸಂತೋಷಪಡುವಂತಿಲ್ಲ. ಒಳ್ಳೆಯ ಉಕ್ಕು ಅತಿಯಾದ ಭಾರ ಬಿದ್ದಾಗ ಮೊದಲು ಬಾಗುತ್ತದೆ, ಹಿಗ್ಗುತ್ತದೆ. ಹೀಗೆ ಮುನ್ಸೂಚನೆ ಕೊಟ್ಟು ಆಮೇಲೆ ಮುರಿಯುತ್ತದೆ. ವಿಕಿರಣ ತಗುಲಿದ ಉಕ್ಕು ಈ ಸೌಜನ್ಯವನ್ನು ಕಳೆದುಕೊಳ್ಳುತ್ತದೆ. ಮೀಸಲು ನಿಧಿಯನ್ನೆಲ್ಲ ಕರಗಿಸಿ ಲಾಭ ತೋರಿಸಿದ ಸಂಸ್ಥೆಯ ಸ್ಥಿತಿಯೂ ಇಂಥದೇ.

4. ಊತ: ತೂಕ ಅಷ್ಟೇ, ಗಾತ್ರ ಹೆಚ್ಚು

1967ರಲ್ಲಿ ಬ್ರಿಟನ್ನಿನ ಕಾಥಾರ್ನ್ ಮತ್ತು ಫುಲ್ಟನ್ ಎಂಬ ವಿಜ್ಞಾನಿಗಳು ಸ್ಕಾಟ್ಲೆಂಡಿನ ಡೌನ್‌ರೇ ವೇಗ ರಿಯಾಕ್ಟರಿನಿಂದ ಹೊರತೆಗೆದ ಸ್ಟೇನ್‌ಲೆಸ್ ಸ್ಟೀಲನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅದರೊಳಗೆ ಅಸಂಖ್ಯಾತ ಸೂಕ್ಷ್ಮ ಪೊಳ್ಳುಗಳನ್ನು ಕಂಡ ಸಂಗತಿಯನ್ನು ಪ್ರಕಟಿಸಿದರು. ಖಾಲಿ ಸ್ಥಾನಗಳು ಒಟ್ಟುಗೂಡಿ ಈ ಪೊಳ್ಳುಗಳಾಗಿದ್ದವು. ಕಬ್ಬಿಣ ಹೊಸದಾಗಿ ಸೇರಿಲ್ಲ, ತೂಕ ಹೆಚ್ಚಿಲ್ಲ; ಆದರೂ ತುಂಡಿನ ಗಾತ್ರ ಬೆಳೆದಿರುತ್ತದೆ. ತೂಕದಿಂದ ದಾಸ್ತಾನು ಎಣಿಸುವವರಿಗೆ ವ್ಯತ್ಯಾಸವೇ ಕಾಣಿಸದು, ಅಳತೆಪಟ್ಟಿ ಹಿಡಿದವರಿಗೆ ಮಾತ್ರ ಕಾಣಿಸುತ್ತದೆ.

ಈ ಊತ ಮುಖ್ಯವಾಗಿ 350ರಿಂದ 700 ಡಿಗ್ರಿಯ ನಡುವಿನ ಉಷ್ಣತೆಯಲ್ಲಿ ತಲೆದೋರುತ್ತದೆ. ಮೊದಮೊದಲು ಏನೂ ಆಗದಂತೆ ಕಾಣುವ ಒಂದು ಸುಪ್ತ ಅವಧಿ ಇರುತ್ತದೆ. ಅದು ಮುಗಿದ ನಂತರ ಆಸ್ಟೆನಿಟಿಕ್ ಉಕ್ಕು ಪ್ರತಿ ಡಿಪಿಎಗೆ ಸುಮಾರು ಶೇ. 1ರ ದರದಲ್ಲಿ ಊದಿಕೊಳ್ಳುತ್ತ ಹೋಗುತ್ತದೆ. ಆದುದರಿಂದ ತಜ್ಞರ ಪ್ರಯತ್ನವೆಲ್ಲ ಆ ಸುಪ್ತ ಅವಧಿಯನ್ನು ಹಿಗ್ಗಿಸುವ ಕಡೆಗೇ ಇದೆ. ಉದಾಹರಣೆಗೆ, 90 ಡಿಪಿಎ ಹೊಡೆತ ತಿನ್ನುವ ಭಾಗದಲ್ಲಿ ಸುಪ್ತ ಅವಧಿ 30 ಡಿಪಿಎ ಇದ್ದರೆ ಊತ ಸುಮಾರು ಶೇ. 60, ಸುಪ್ತ ಅವಧಿ 85 ಡಿಪಿಎ ಇದ್ದರೆ ಊತ ಕೇವಲ ಶೇ. 5. ಮೊದಲನೆಯದು ಕೆಲಸಕ್ಕೆ ಬಾರದ ವಸ್ತು, ಎರಡನೆಯದು ನಿಭಾಯಿಸಬಹುದಾದ ವಸ್ತು.

ಸುಪ್ತ ಅವಧಿಯನ್ನು ಹಿಗ್ಗಿಸುವ ಉಪಾಯಗಳು ಮೂರು: ನಿಕ್ಕಲ್ ಪ್ರಮಾಣ ಹೆಚ್ಚಿಸುವುದು, ಅಲ್ಪ ಪ್ರಮಾಣದ ಟೈಟಾನಿಯಂ ಸೇರಿಸುವುದು, ಮತ್ತು ಸುಮಾರು ಶೇ. 20ರಷ್ಟು ಕೋಲ್ಡ್ ವರ್ಕ್ ಮಾಡುವುದು. 1985ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಕ್ರಿಯಾಶೀಲವಾದ ಕಲ್ಪಾಕ್ಕಂನ ಫಾಸ್ಟ್ ಬ್ರೀಡರ್ ಟೆಸ್ಟ್ ರಿಯಾಕ್ಟರಿನಲ್ಲಿ ಇಂಧನದ ಹೊರಕವಚಕ್ಕೆ ಕೋಲ್ಡ್ ವರ್ಕ್ ಮಾಡಿದ 316 ಉಕ್ಕನ್ನು ಬಳಸಲಾಯಿತು. ಅಲ್ಲಿಯೇ ನಿರ್ಮಿಸಲಾದ 500 ಮೆಗಾವಾಟ್ ಸಾಮರ್ಥ್ಯದ ಪ್ರೋಟೋಟೈಪ್ ಫಾಸ್ಟ್ ಬ್ರೀಡರ್ ರಿಯಾಕ್ಟರಿಗೆ ಡಿ9 ಎಂಬ ಉಕ್ಕನ್ನು ಆರಿಸಲಾಯಿತು. ಅದರಲ್ಲಿ ಸುಮಾರು ಶೇ. 15 ಕ್ರೋಮಿಯಂ, ಶೇ. 15 ನಿಕ್ಕಲ್, ಜೊತೆಗೆ ಮಾಲಿಬ್ಡಿನಂ ಮತ್ತು ಟೈಟಾನಿಯಂ ಇವೆ. ಈ ರಿಯಾಕ್ಟರಿನ ಕೋರ್ ಲೋಡಿಂಗ್ ಕಾರ್ಯ 2024ರ ಮಾರ್ಚ್‌ನಲ್ಲಿ ಆರಂಭವಾಯಿತು.

ಊತದ ತೊಂದರೆ ಕೇವಲ ಗಾತ್ರದ್ದಲ್ಲ. ಒಂದು ಬದಿಗೆ ಹೆಚ್ಚು, ಇನ್ನೊಂದು ಬದಿಗೆ ಕಡಿಮೆ ನ್ಯೂಟ್ರಾನ್ ತಗುಲಿದರೆ ಉದ್ದನೆಯ ಇಂಧನ ಕೊಳವೆ ಬಾಗುತ್ತದೆ. ಕೊಳವೆಗಳ ನಡುವಿನ ಸಂದು ಕಿರಿದಾಗಿ ಶೀತಕ ದ್ರವ ಹರಿಯಲು ದಾರಿ ಕಡಿಮೆಯಾಗುತ್ತದೆ. ಕೊನೆಗೆ ಇಂಧನದ ಕಟ್ಟನ್ನು ಹೊರತೆಗೆಯುವುದೇ ದುಸ್ತರವಾಗಬಹುದು.

5. ಉಕ್ಕಿನೊಳಗೆ ಹೀಲಿಯಂ

ನ್ಯೂಟ್ರಾನುಗಳು ಪರಮಾಣುಗಳನ್ನು ಕದಲಿಸುವುದಷ್ಟೇ ಅಲ್ಲ, ಒಂದು ಧಾತುವನ್ನು ಮತ್ತೊಂದಾಗಿ ಪರಿವರ್ತಿಸುತ್ತವೆ. ಉಕ್ಕಿನಲ್ಲಿರುವ ನಿಕ್ಕಲ್ ಎರಡು ಹಂತಗಳಲ್ಲಿ ನ್ಯೂಟ್ರಾನ್ ಹೀರಿ ಹೀಲಿಯಂ ಅನಿಲವನ್ನು ಬಿಡುಗಡೆ ಮಾಡುತ್ತದೆ. ಲೇಶಮಾತ್ರ ಬೋರಾನ್ ಇದ್ದರೂ ಅದರಿಂದಲೂ ಹೀಲಿಯಂ ಹುಟ್ಟುತ್ತದೆ. ಈ ಅನಿಲ ಲೋಹದಲ್ಲಿ ಕರಗದೆ, ಹರಳುಗಳ ಅಂಚುಗಳಲ್ಲಿ ಗುಳ್ಳೆಗಳಾಗಿ ಸೇರಿಕೊಂಡು, ಅಧಿಕ ಉಷ್ಣತೆಯಲ್ಲಿ ಆ ಅಂಚುಗಳನ್ನೇ ಸಡಿಲಗೊಳಿಸುತ್ತದೆ.

ಫ್ಯಾಬ್ರಿಕೇಷನ್ ನಡೆಸುವವರು ಗಮನಿಸತಕ್ಕ ಅಂಶವೊಂದಿದೆ. ಹೀಲಿಯಂ ಸೇರಿದ ಹಳೆಯ ಉಕ್ಕನ್ನು ವೆಲ್ಡಿಂಗ್ ಮಾಡಿದರೆ, ಆ ಶಾಖಕ್ಕೆ ಗುಳ್ಳೆಗಳು ಬೆಳೆದು ಬೆಸುಗೆಯ ಪಕ್ಕದಲ್ಲಿಯೇ ಬಿರುಕು ಬಿಡುತ್ತದೆ. ಸಾಮಾನ್ಯ ಕಾರ್ಖಾನೆಯಲ್ಲಿ ತಪ್ಪಾದ ಬೆಸುಗೆಯನ್ನು ಕೊರೆದು ತೆಗೆದು ಮತ್ತೆ ಬೆಸೆಯಬಹುದು. ಹೀಗೆ ಹೀಲಿಯಂ ತುಂಬಿದ ಭಾಗದಲ್ಲಿ ಆ ಅವಕಾಶ ಬಹಳ ಮಟ್ಟಿಗೆ ಇಲ್ಲವಾಗುತ್ತದೆ. ಮೊದಲ ಬೆಸುಗೆಯೇ ಕೊನೆಯ ಬೆಸುಗೆ ಎಂಬ ಎಚ್ಚರ ಅಲ್ಲಿ ಅಗತ್ಯ.

ಇದೇ ಬೋರಾನನ್ನು ಬೇರೆಡೆ ಬೇಕೆಂದೇ ಸೇರಿಸುವುದೂ ಉಂಟು, ಏಕೆಂದರೆ ಅದು ನ್ಯೂಟ್ರಾನುಗಳನ್ನು ಚೆನ್ನಾಗಿ ಹೀರುತ್ತದೆ. ಫ್ರಾನ್ಸಿನಲ್ಲಿ ನಿರ್ಮಾಣವಾಗುತ್ತಿರುವ ಅಂತಾರಾಷ್ಟ್ರೀಯ ಸಮ್ಮಿಲನ ರಿಯಾಕ್ಟರ್ ಈಟರ್‌ನ ನಿರ್ವಾತ ಪಾತ್ರೆಯ ಗೋಡೆಗಳ ನಡುವೆ ಇಡುವ ರಕ್ಷಾ ಫಲಕಗಳಲ್ಲಿ ಬೋರಾನ್‌ಯುಕ್ತ ಸ್ಟೇನ್‌ಲೆಸ್ ಸ್ಟೀಲ್ ಬಳಕೆಯಾಗಿದೆ. ಈ ಫಲಕಗಳ ಸಾವಿರಾರು ಕಟ್ಟುಗಳನ್ನು ತಯಾರಿಸಿಕೊಟ್ಟದ್ದು ಬೆಂಗಳೂರಿನ ಅವಸರಳ ಟೆಕ್ನಾಲಜೀಸ್ ಸಂಸ್ಥೆ ಎಂಬುದು ಕರ್ನಾಟಕದ ಉದ್ದಿಮೆಗೆ ಹೆಮ್ಮೆಯ ಸಂಗತಿ.

6. ಅಂಚಿನಲ್ಲಿ ಕ್ರೋಮಿಯಂ ಕೊರತೆ, ಆಮೇಲೆ ಬಿರುಕು

304 ಉಕ್ಕನ್ನು ಬೆಸೆದಾಗ, ಶಾಖ ತಗುಲಿದ ಭಾಗದಲ್ಲಿ ಇಂಗಾಲವು ಕ್ರೋಮಿಯಂ ಜೊತೆ ಕೂಡಿಕೊಂಡು ಹರಳಿನ ಅಂಚಿನಲ್ಲಿ ಕ್ರೋಮಿಯಂ ಕೊರತೆಯಾಗುವುದು, ಮುಂದೆ ಅಲ್ಲಿಯೇ ತುಕ್ಕು ಹಿಡಿಯುವುದು ನಮ್ಮ ಫ್ಯಾಬ್ರಿಕೇಟರುಗಳಿಗೆ ತಿಳಿದ ವಿಷಯ. ಅದಕ್ಕೆಂದೇ 304ಎಲ್ ಬಳಸುತ್ತಾರೆ. ನ್ಯೂಟ್ರಾನುಗಳು ಇಂಗಾಲದ ನೆರವಿಲ್ಲದೆಯೇ ಇಂಥ ಕೊರತೆಯನ್ನು ತರುತ್ತವೆ. ಖಾಲಿ ಸ್ಥಾನಗಳು ಅಂಚಿನ ಕಡೆ ಹರಿಯುವಾಗ ಕ್ರೋಮಿಯಂ ಅಲ್ಲಿಂದ ಹಿಂದೆ ಸರಿಯುತ್ತದೆ. ನಿಕ್ಕಲ್ ಮತ್ತು ಸಿಲಿಕಾನ್ ಅಲ್ಲಿ ಶೇಖರಗೊಳ್ಳುತ್ತವೆ. ಒಟ್ಟಾರೆ ವಿಶ್ಲೇಷಣೆಯಲ್ಲಿ ಕ್ರೋಮಿಯಂ ಶೇ. 18 ಎಂದೇ ಬರುತ್ತದೆ; ಅಂಚಿನ ಕೆಲವೇ ನ್ಯಾನೋಮೀಟರ್ ಅಗಲದಲ್ಲಿ ಅದು ಶೇ. 13ರ ಆಸುಪಾಸಿಗೆ ಇಳಿದಿರಬಹುದು.

ಹೀಗೆ ಅಂಚು ದುರ್ಬಲವಾದ, ಗಡಸಾದ ಉಕ್ಕು ಬಿಸಿನೀರಿನಲ್ಲಿ ಸತತ ಎಳೆತಕ್ಕೆ ಒಳಗಾದಾಗ ಬಿರುಕು ಬಿಡುತ್ತದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಇಂಡಿಯನ್ ಪಾಯಿಂಟ್ ಸ್ಥಾವರದ ಎರಡನೆಯ ಘಟಕದಲ್ಲಿ 2016ರಲ್ಲಿ ತಪಾಸಣೆ ನಡೆಸಿದಾಗ, ಇಂಧನದ ಸುತ್ತಲಿನ ಉಕ್ಕಿನ ತಟ್ಟೆಗಳನ್ನು ಹಿಡಿದಿದ್ದ 832 ಬೋಲ್ಟುಗಳಲ್ಲಿ 227 ಬೋಲ್ಟುಗಳು ದೋಷಯುಕ್ತವೆಂದು ತಿಳಿದುಬಂತು. ಫ್ರಾನ್ಸಿನ ಸ್ಥಾವರಗಳಲ್ಲಿ ಇದೇ ಬಗೆಯ ಬೋಲ್ಟುಗಳ ಬಿರುಕು 1980ರ ದಶಕದ ಕೊನೆಯಲ್ಲಿಯೇ ಕಂಡುಬಂದಿತ್ತು.

ಕಡಿಮೆ ಇಂಗಾಲದ ದರ್ಜೆ ಬಳಸಿದರೆ ಎಲ್ಲವೂ ಸರಿಹೋಗುತ್ತದೆ ಎಂದೂ ಹೇಳಲಾಗದು. ಜಪಾನಿನಲ್ಲಿ ಎಲ್ ದರ್ಜೆಯ ಉಕ್ಕಿನಿಂದ ಮಾಡಿದ ಭಾಗಗಳಲ್ಲಿಯೂ ಬಿರುಕು ಕಂಡಿತು. ಒರಟಾದ ಮೆಷಿನಿಂಗ್ ಮತ್ತು ಗ್ರೈಂಡಿಂಗ್‌ನಿಂದ ಮೇಲ್ಮೈಯಲ್ಲಿ ಉಳಿದ ಗಡಸು ಪದರವೂ ಎಳೆತವೂ ಅಲ್ಲಿ ಬಿರುಕಿನ ಬೀಜವಾಗಿದ್ದವು. ಇದು ನ್ಯೂಟ್ರಾನಿನ ತಪ್ಪಲ್ಲ, ಕಾರ್ಯಾಗಾರದಲ್ಲಿ ಆದ ಕೆಲಸದ ಫಲ.

7. ಕೋಬಾಲ್ಟ್ ಎಂಬ ಗುಪ್ತ ವೆಚ್ಚ

ನಿಕ್ಕಲ್ ಜೊತೆಯಲ್ಲಿ ಸ್ವಲ್ಪ ಕೋಬಾಲ್ಟ್ ಸ್ಟೇನ್‌ಲೆಸ್ ಸ್ಟೀಲಿಗೆ ಬಂದು ಸೇರುತ್ತದೆ. ಪಾತ್ರೆಗಾಗಲಿ ಪಂಪಿಗಾಗಲಿ ಅದರಿಂದ ಬಾಧಕವಿಲ್ಲ. ಆದರೆ ನ್ಯೂಟ್ರಾನ್ ಹೀರಿದ ಕೋಬಾಲ್ಟ್ 59, ಕೋಬಾಲ್ಟ್ 60 ಆಗಿ ತೀಕ್ಷ್ಣ ಗಾಮಾ ಕಿರಣ ಸೂಸುತ್ತದೆ. ಅದರ ಅರ್ಧಾಯುಷ್ಯ 5.27 ವರ್ಷ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಇದು ಇಳಿಕೆ ಶೇಷ ಪದ್ಧತಿಯ ಸವಕಳಿ, ಪ್ರತಿ 5.27 ವರ್ಷಕ್ಕೆ ಅರ್ಧದಷ್ಟಾಗುತ್ತ ಹೋಗುತ್ತದೆ, ಸಾವಿರದಲ್ಲೊಂದು ಪಾಲಿಗೆ ಇಳಿಯಲು ಸುಮಾರು 53 ವರ್ಷ ಬೇಕು. ಆದುದರಿಂದಲೇ ಪರಮಾಣು ಬಳಕೆಯ ಉಕ್ಕಿನಲ್ಲಿ ಕೋಬಾಲ್ಟ್ ಶೇ. 0.05ನ್ನು ಮೀರಬಾರದೆಂಬಂಥ ಷರತ್ತು ಇರುತ್ತದೆ. ಶೇ. 0.20 ಇರುವ ಉಕ್ಕನ್ನು ಕೊಟ್ಟರೆ ಹುಟ್ಟುವ ಕೋಬಾಲ್ಟ್ 60 ನಾಲ್ಕು ಪಟ್ಟು. ದುರಸ್ತಿಗೆ ಒಳಹೋಗುವ ಕೆಲಸಗಾರನ ದೇಹಕ್ಕೆ ಆ ಭಾಗದಿಂದ ತಗುಲುವ ಕಿರಣವೂ ಅದೇ ಪ್ರಮಾಣದಲ್ಲಿ ಏರುತ್ತದೆ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ಉಕ್ಕನ್ನೇ ವಿಕಿರಣಶೀಲವಾಗಿಸುವುದು ನ್ಯೂಟ್ರಾನ್. ಕೋಬಾಲ್ಟ್ ಮೂಲದ ಗಾಮಾ ಕಿರಣದಿಂದ ಶುದ್ಧೀಕರಿಸಿದ ಶಸ್ತ್ರಚಿಕಿತ್ಸಾ ಉಪಕರಣವಾಗಲಿ, ರೇಡಿಯೋಗ್ರಫಿ ಪರೀಕ್ಷೆಗೆ ಒಳಪಟ್ಟ ಬೆಸುಗೆಯಾಗಲಿ ವಿಕಿರಣಶೀಲವಾಗುವುದಿಲ್ಲ. ಗುಜರಿ ವ್ಯಾಪಾರದಲ್ಲಿ ಎದುರಾಗುವ ಅಪಾಯ ಬೇರೆಯದೇ. ಅದು ಕೈಬಿಟ್ಟ ವಿಕಿರಣ ಮೂಲವೇ ಗುಜರಿಯೊಡನೆ ಬೆರೆಯುವುದು. 2008ರಲ್ಲಿ ಭಾರತದಿಂದ ಹೋದ ಉಕ್ಕಿನಿಂದ ಮಾಡಿದ ಲಿಫ್ಟ್ ಗುಂಡಿಗಳಲ್ಲಿ ಕೋಬಾಲ್ಟ್ 60 ಇರುವುದು ಫ್ರಾನ್ಸಿನಲ್ಲಿ ಪತ್ತೆಯಾಯಿತು. ಸುಮಾರು 20 ಕಾರ್ಮಿಕರು ವಿಕಿರಣಕ್ಕೆ ಒಳಗಾಗಿದ್ದರು. 2010ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಹಳೆಯ ಪ್ರಯೋಗಾಲಯ ಉಪಕರಣದ ಕೋಬಾಲ್ಟ್ ಮೂಲ ಬಿಚ್ಚಿಕೊಂಡು ಒಬ್ಬರು ಪ್ರಾಣ ಕಳೆದುಕೊಂಡರು. ಗುಜರಿ ಕೊಳ್ಳುವ, ಕರಗಿಸುವ ಸದಸ್ಯರು ದ್ವಾರದಲ್ಲಿ ವಿಕಿರಣ ಮಾಪಕ ಇಡುವುದು ರಫ್ತಿನ ದೃಷ್ಟಿಯಿಂದಷ್ಟೇ ಅಲ್ಲ, ತಮ್ಮ ಕೆಲಸಗಾರರ ಪ್ರಾಣದ ದೃಷ್ಟಿಯಿಂದಲೂ ಅಗತ್ಯ.

8. ನಮ್ಮ ಸದಸ್ಯರಿಗೆ ಇದರ ಅನ್ವಯ

ಮೇಲ್ಕಂಡ ಅಂಶಗಳಿಂದ ನಾಲ್ಕು ವ್ಯಾವಹಾರಿಕ ಪಾಠಗಳನ್ನು ಕಲಿಯಬಹುದು.

(ಅ) ದರ್ಜೆಯ ಅದಲುಬದಲು ಸಲ್ಲದು. ಮಾರುಕಟ್ಟೆಯಲ್ಲಿ ಅಗ್ಗದ 200 ಸರಣಿಯ ಮ್ಯಾಂಗನೀಸ್ ಉಕ್ಕನ್ನು 304 ಎಂದು ಮಾರುವುದುಂಟು. ಎರಡೂ ಆಸ್ಟೆನಿಟಿಕ್ ಆದ್ದರಿಂದ ಅಯಸ್ಕಾಂತದ ಪರೀಕ್ಷೆಯಲ್ಲಿ ಗುಟ್ಟು ಬಯಲಾಗದು. ಕೈಯಲ್ಲಿ ಹಿಡಿಯುವ ಎಕ್ಸ್-ರೇ ಉಪಕರಣ ಕ್ರೋಮಿಯಂ, ನಿಕ್ಕಲ್, ಮಾಲಿಬ್ಡಿನಂ ಪ್ರಮಾಣವನ್ನು ತೋರಿಸುತ್ತದೆ, ಇಂಗಾಲವನ್ನು ತೋರಿಸಲಾರದು. ಅಂದರೆ 304 ಮತ್ತು 304ಎಲ್ ನಡುವಿನ ವ್ಯತ್ಯಾಸ ಅದಕ್ಕೆ ತಿಳಿಯದು. ಅಲ್ಪ ಪ್ರಮಾಣದ ಕೋಬಾಲ್ಟನ್ನೂ ಅದರಿಂದ ವಿಶ್ವಾಸಾರ್ಹವಾಗಿ ಅಳೆಯಲಾಗದು. ಪ್ರಯೋಗಾಲಯದ ವಿಶ್ಲೇಷಣೆಯ ವೆಚ್ಚವನ್ನು ಕೊಟೇಷನ್ ಹಂತದಲ್ಲಿಯೇ ಸೇರಿಸತಕ್ಕದ್ದು.

(ಆ) ಹೀಟ್ ನಂಬರ್ ಕೊನೆಯವರೆಗೂ ತುಂಡಿನೊಡನೆ ಸಾಗಬೇಕು. ತಗಡನ್ನು ಕತ್ತರಿಸಿದಾಗ ಪ್ರತಿ ತುಂಡಿಗೂ ಗುರುತು ವರ್ಗಾಯಿಸುವುದು, ಉಳಿಕೆ ತುಂಡುಗಳನ್ನು ಬೇರೆ ದಾಸ್ತಾನಿನೊಡನೆ ಬೆರೆಸದಿರುವುದು, ಟೆಸ್ಟ್ ಸರ್ಟಿಫಿಕೇಟುಗಳನ್ನು ಕ್ರಮವಾಗಿ ಕಾಪಾಡುವುದು ಕಡ್ಡಾಯ. 30 ವರ್ಷಗಳ ನಂತರ ಒಂದು ಬೋಲ್ಟು ಬಿರುಕು ಬಿಟ್ಟರೆ, ಅದೇ ಹೀಟಿನ ಉಳಿದ ಬೋಲ್ಟುಗಳು ಎಲ್ಲಿವೆ ಎಂಬ ಪ್ರಶ್ನೆಗೆ ಉತ್ತರ ಆ ಕಾಗದದಲ್ಲಿ ಮಾತ್ರ ಇರುತ್ತದೆ.

(ಇ) ದಾಖಲೆಯ ಪ್ರಾಮಾಣಿಕತೆ ಉಕ್ಕಿನ ಬಲಕ್ಕಿಂತ ಕಡಿಮೆ ಬೆಲೆಯದಲ್ಲ. 2002ರ ಆಗಸ್ಟ್‌ನಲ್ಲಿ ಜಪಾನಿನ ಟೋಕಿಯೋ ಎಲೆಕ್ಟ್ರಿಕ್ ಪವರ್ ಸಂಸ್ಥೆಯು ತಪಾಸಣಾ ದಾಖಲೆಗಳನ್ನು ತಿದ್ದಿದ್ದು ಬಹಿರಂಗವಾಯಿತು. ಮುಚ್ಚಿಟ್ಟ ಸಂಗತಿಗಳಲ್ಲಿ ರಿಯಾಕ್ಟರಿನೊಳಗಿನ ಸ್ಟೇನ್‌ಲೆಸ್ ಸ್ಟೀಲ್ ಕವಚದ ಬಿರುಕುಗಳೂ ಇದ್ದವು. ಸಂಸ್ಥೆಯ ಅತ್ಯುನ್ನತ ಅಧಿಕಾರಿಗಳು ರಾಜೀನಾಮೆ ನೀಡಬೇಕಾಯಿತು. 2003ರ ಏಪ್ರಿಲ್ ವೇಳೆಗೆ ಅದರ ಎಲ್ಲ 17 ರಿಯಾಕ್ಟರುಗಳೂ ತಪಾಸಣೆಗಾಗಿ ಸ್ಥಗಿತಗೊಂಡವು. ಬಿರುಕನ್ನು ದುರಸ್ತಿ ಮಾಡುವ ವೆಚ್ಚ ಇದರ ಮುಂದೆ ಏನೇನೂ ಅಲ್ಲ.

(ಈ) ಸವಕಳಿಯನ್ನು ಬಿಡಿಭಾಗದ ನೈಜ ಆಯುಷ್ಯಕ್ಕೆ ಅನುಗುಣವಾಗಿ ಹಾಕಬೇಕು. ಪಾತ್ರೆಗೆ 40 ವರ್ಷ ಆಯುಷ್ಯವಿದ್ದು ಅದರೊಳಗಿನ ಬೋಲ್ಟಿಗೆ 20 ವರ್ಷವಿದ್ದರೆ, ಎರಡನ್ನೂ ಒಂದೇ ದರದಲ್ಲಿ ಸವೆಸುವುದು ಸತ್ಯಕ್ಕೆ ದೂರ. ಕಂಪನಿ ಅಧಿನಿಯಮ 2013ರ ಎರಡನೆಯ ಅನುಸೂಚಿಯೂ ಇಂಡ್ ಎಎಸ್ 16ರ ನಿಯಮವೂ ಗಣನೀಯ ವೆಚ್ಚದ ಬಿಡಿಭಾಗಗಳನ್ನು ಪ್ರತ್ಯೇಕವಾಗಿ ಪರಿಗಣಿಸಬೇಕೆನ್ನುತ್ತವೆ. ಕುಲುಮೆಯ ಒಳಪದರ, ಬಾಯ್ಲರಿನ ಕೊಳವೆ, ಪ್ರೆಸ್ಸಿನ ಡೈ ಇವುಗಳನ್ನು ಹೊಂದಿರುವ ನಮ್ಮ ಘಟಕಗಳಿಗೂ ಈ ತತ್ವ ಅನ್ವಯಿಸುತ್ತದೆ.

ಉಪಸಂಹಾರ

ನ್ಯೂಟ್ರಾನಿನ ಹೊಡೆತಕ್ಕೆ ಸಿಕ್ಕಿದ ಉಕ್ಕು ಹೊರನೋಟಕ್ಕೆ ಎಂದಿನಂತೆಯೇ ಹೊಳೆಯುತ್ತಿರುತ್ತದೆ. ಅದರ ಗಡಸುತನ, ಊತ, ಒಳಗಿನ ಅನಿಲ, ಅಂಚಿನ ಕೊರತೆ ಯಾವುದೂ ಬರಿಗಣ್ಣಿಗೆ ಕಾಣುವುದಿಲ್ಲ. ಅಲ್ಲಿಗೆ ಮನುಷ್ಯ ಸುಲಭವಾಗಿ ಹೋಗುವಂತೆಯೂ ಇಲ್ಲ. ಇಂಥ ಸ್ಥಳದಲ್ಲಿ ದಶಕಗಳ ಕಾಲ ದುಡಿಯಬೇಕಾದ ವಸ್ತುವಿನ ಬಗ್ಗೆ ಎಂಜಿನಿಯರನು ಮಾಡುವ ಲೆಕ್ಕಾಚಾರವೆಲ್ಲ, ಆ ತುಂಡನ್ನು ಪೂರೈಸಿದವರು ಕೊಟ್ಟ ಅಂಕಿಗಳ ಮೇಲೆಯೇ ನಿಂತಿರುತ್ತದೆ. ಶೇ. 0.03 ಇಂಗಾಲ, ಶೇ. 0.05 ಕೋಬಾಲ್ಟ್ ಎಂದು ಆದೇಶದಲ್ಲಿ ಬರೆದಿರುವುದು ಅಲಂಕಾರಕ್ಕಲ್ಲ. ಪರಮಾಣು ಕ್ಷೇತ್ರದ ಆದೇಶಗಳನ್ನು ಪಡೆಯಬಯಸುವ ಸದಸ್ಯರು ಮೊದಲು ತಮ್ಮ ಉಗ್ರಾಣದ ಗುರುತು ಪದ್ಧತಿಯನ್ನೂ ಸರ್ಟಿಫಿಕೇಟುಗಳ ಕಡತವನ್ನೂ ಒಮ್ಮೆ ಪರಿಶೀಲಿಸಿಕೊಳ್ಳುವುದು ಉಚಿತ. ಯಂತ್ರ ಖರೀದಿಗೆ ಮುನ್ನ ಮಾಡಬೇಕಾದ ಹೂಡಿಕೆ ಅದೇ.